ಕೈಗೆ ಬಳೆ, ಬಳೆಗೆ ಗ್ಲೌಸು: ಡ್ರೈ ಗ್ಲೌಸ್ ಕೂರಿಸುವ ಕೆಲಸ

ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಸಾಗರದಿಂದ ಜೋಗದ ದಾರಿ ಹಿಡಿದು ಘಟ್ಟ ಇಳಿದು, ಮುರ್ಡೇಶ್ವರದಲ್ಲಿ ದೋಣಿ ಹತ್ತಿ, ತೆಳ್ಳನೆ ವೆಟ್‌ಸೂಟ್ ತೊಟ್ಟು ಬರಿಗೈಯಲ್ಲಿ ನೀರಿಗೆ ಹಾರಿದರೆ ಮುಗಿಯಿತು. ಕೈಗೂ ಏನಾದರೂ ಹಾಕಿಕೊಳ್ಳಬೇಕು ಅನ್ನುವುದು ಆಗ ತಲೆಗೇ ಬಂದಿರಲಿಲ್ಲ. ಕೆಲಸದ ಮೇಲೆ ಸಿಯಾಟಲ್‌ಗೆ ಬಂದಮೇಲೆ ಅದು ತಾನಾಗಿ ಬಂತು. ಇಲ್ಲಿನ ಪ್ಯೂಜೆಟ್ ಸೌಂಡ್‌ನ ನೀರು ಚಳಿಗಾಲದಲ್ಲಿ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇಸಿಗೆಯಲ್ಲೂ ಆಳದಲ್ಲಿ 12ರ ಸುತ್ತಮುತ್ತಲೇ. ಫ್ರಿಜ್ಜಿನ ತರಕಾರಿ ಟ್ರೇಯೊಳಗೆ ಕೈ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂತಂತೆ. ಅದೂ ಫ್ರಿಜ್ಜಿನಲ್ಲಿರುವುದು ಗಾಳಿ, ಇಲ್ಲಿರುವುದು ನೀರು. ಮೈಶಾಖ ಎಳೆದುಕೊಳ್ಳುವುದರಲ್ಲಿ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೇಲೆ.

ಮೊದಲ ಚಳಿಗಾಲ 5 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ಗ್ಲೌಸ್‌ನಲ್ಲೇ ತಳ್ಳಿದೆ. ಇಲ್ಲಿನ ಡೈವಿಂಗ್ ಜಾಗ ಆಲ್ಕಿಯ ಕೋವ್ 2ರಲ್ಲಿ ಒಂದು ದಿನ ಆಕ್ಟೋಪಸ್ ಬಿಲ ನೋಡಿಕೊಂಡು ವಾಪಸ್ ಬರುವಾಗ, ಟಾರ್ಚಿನ ಬೋಲ್ಟ್ ಸ್ನ್ಯಾಪನ್ನು (ಸ್ಪ್ರಿಂಗ್ ಇರುವ ಕೊಂಡಿ) ಎದೆಯ ಉಂಗುರಕ್ಕೆ ಸಿಕ್ಕಿಸಲು ಹೋದೆ. ಬೆರಳು ನನ್ನ ಮಾತು ಕೇಳಲಿಲ್ಲ. ನಾನು ತೊಟ್ಟಿದ್ದ ಡ್ರೈಸೂಟಿಗೆ (ನೀರು ಒಳಗೆ ಬಿಡದ ಸೂಟು) ಗಾಳಿ ತುಂಬುವ ಗುಂಡಿಯ ಮೇಲೆ ಬೆರಳಿಟ್ಟರೆ, ಒತ್ತಿದೆನೋ ಇಲ್ಲವೋ ಗೊತ್ತಾಗಲಿಲ್ಲ. ಶಬ್ದ ಕೇಳಿ ತಿಳಿಯಬೇಕಾಯಿತು. ದಡಕ್ಕೆ ಬಂದು ಕಾರಿನ ಕೀ ಹಿಡಿಯಲು ಎರಡೂ ಅಂಗೈ ಜೋಡಿಸಬೇಕಾಯಿತು. ಕೈ ತಣ್ಣಗಾಗುವುದು ಬರೀ ಹಿಂಸೆಯ ಮಾತಲ್ಲ. ನೀರಿನಡಿ ನಿಮ್ಮನ್ನು ಕಾಪಾಡುವ ಪ್ರತಿಯೊಂದು ಗುಂಡಿ, ಕೊಂಡಿ, ಪಟ್ಟಿಯೂ ಬೆರಳನ್ನೇ ನಂಬಿದೆ. ಅವತ್ತೇ ನೀರು ಒಳಗೆ ಬಿಡದ ಡ್ರೈ ಗ್ಲೌಸ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ.

ಇದು ಡ್ರೈಸೂಟ್ ಆಗಲೇ ಇರುವವರಿಗೆ, ಅದರಲ್ಲಿ ಡೈವ್ ಮಾಡಲು ಸರಿಯಾಗಿ ಕಲಿತವರಿಗೆ ಬರೆದದ್ದು. ಸೂಟೇ ಹೊಸದಾಗಿದ್ದರೆ ಮೊದಲು ಅದು ಒಗ್ಗಲಿ. ಎರಡು ಹೊಸ ತಲೆನೋವನ್ನು ಒಟ್ಟಿಗೆ ನೀರಿಗೆ ಒಯ್ಯಬೇಡಿ.

ತತ್ವ ಸುಲಭ. ಸೂಟಿನ ತೋಳಿನ ತುದಿಗೆ ಗಟ್ಟಿಯಾದ ಒಂದು ಬಳೆ ಕೂರುತ್ತದೆ. ಗ್ಲೌಸಿನ ಬಾಯಿಗೆ ಇನ್ನೊಂದು ಬಳೆ. ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುವಲ್ಲಿ ಒಂದು ರಬ್ಬರ್ ಒ-ರಿಂಗ್ ಇದ್ದು ನೀರನ್ನು ತಡೆಯುತ್ತದೆ. ಗ್ಲೌಸು ಬರೀ ನೀರು ತಡೆಯುವ ಚೀಲ. ಬೆಚ್ಚಗಿಡುವುದು ಒಳಗಿನ ಉಣ್ಣೆಯ ಲೈನರ್ ಮತ್ತು ಅದು ಹಿಡಿದಿಟ್ಟುಕೊಳ್ಳುವ ಗಾಳಿ. ಕಂಪನಿಯವರು ರಿಂಗ್ ಸಿಸ್ಟಮ್ ಅನ್ನುತ್ತಾರೆ, ನಾನು ಮೊದಲ ದಿನದಿಂದ ಬಳೆ ಅಂತಲೇ ಕರೆಯುತ್ತೇನೆ. ನಮ್ಮೂರ ಮಾರಿಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ಕೂತು ಕೈ ಕೊಟ್ಟವರಿಗೆ ಇದರ ಅರ್ಧ ವಿದ್ಯೆ ಆಗಲೇ ಗೊತ್ತಿರುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಜಾತಿ. ತಿರುಗಿಸಿ ಬೀಗ ಹಾಕುವ ಬಳೆ ಒಂದು, ಒತ್ತಿದರೆ ಕೂರುವ ಬಳೆ ಇನ್ನೊಂದು. ತಿರುಗಿಸುವುದರಲ್ಲಿ ಬೀಗ ಬಿದ್ದದ್ದು ಕೈಗೆ ಗೊತ್ತಾಗುತ್ತದೆ, ಆದರೆ ಹಲ್ಲುಗಳ ಸಂದಿಗೆ ಮರಳು ಸೇರಿದರೆ ಜಗಳ. ಒತ್ತಿ ಕೂರಿಸುವ ಬಳೆಯಲ್ಲಿ ಚಲಿಸುವ ಭಾಗವೇ ಇಲ್ಲ, ನಿಲ್ಲುವುದು ಒ-ರಿಂಗಿನ ಬಿಗಿಯಿಂದ ಮಾತ್ರ. ನನ್ನದು ಒತ್ತುವ ಜಾತಿ, ಅಲ್ಯೂಮಿನಿಯಂನದು. ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ: ಅಂಗಡಿಯಲ್ಲಿ ಸೂಟಿನ ಕಡೆಯ ಬಳೆಯೊಳಗೆ ನಿಮ್ಮ ಕೈ ತೂರಿಸಿ ನೋಡಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಕಿರಿದು ಮಾಡಿ ತೂರಿಸಬೇಕು, ಬಳೆಗಾರ ಮಾಡುವ ಹಾಗೆಯೇ. ದೊಡ್ಡ ಕೈಯವರಿಗೆ ಕೆಲವು ಬಳೆ ಹೋಗುವುದೇ ಇಲ್ಲ, ಅವರು ಅಂಡಾಕಾರದ್ದನ್ನು ನೋಡಬೇಕು.

ಇನ್ನೊಂದು ಆಯ್ಕೆ ಇದೆ, ಅದರ ಬಗ್ಗೆ ನನ್ನದು ಹಠ. ಕೆಲವರು ಡ್ರೈ ಗ್ಲೌಸ್ ಹಾಕಿದಮೇಲೆ ಮಣಿಕಟ್ಟಿನ ಸೀಲ್ (ಸೂಟಿನ ತೋಳಿನ ತುದಿಯಲ್ಲಿ ನೀರು ತಡೆಯುವ ಬಿಗಿ ರಬ್ಬರು) ಯಾಕೆ ಅಂತ ಅದನ್ನು ಕತ್ತರಿಸಿಬಿಡುತ್ತಾರೆ. ಹಾಕಲು ಸುಲಭ, ಕೈ ಒತ್ತುವುದಿಲ್ಲ, ನಿಜ. ಆದರೆ ಗ್ಲೌಸ್ ಹರಿದ ಕ್ಷಣ ತೋಳು, ಹೊಟ್ಟೆ ಎಲ್ಲ ನೀರು. ಸೀಲ್ ಇರಲಿ. ಬಳೆ ಅದರ ಬುಡದಲ್ಲಿ ಕೂರಲಿ. ನಾನು ಡ್ರೈ ಗ್ಲೌಸಿಗೆ ಬಂದದ್ದಕ್ಕೆ ಸೀಲಿನದೂ ಒಂದು ಕಾರಣ: ನನ್ನ ಮಣಿಕಟ್ಟು ಸಣ್ಣದು, ಮುಷ್ಟಿ ಬಿಗಿದರೆ ಎರಡು ಸ್ನಾಯುರಜ್ಜು ಎದ್ದು ನಡುವೆ ಕಾಲುವೆ ಬೀಳುತ್ತದೆ. ಆ ಕಾಲುವೆಯಲ್ಲಿ ಪ್ರತಿ ಡೈವ್‌ನಲ್ಲೂ ಮೊಣಕೈವರೆಗೆ ನೀರು ಬರುತ್ತಿತ್ತು. ಗ್ಲೌಸ್ ಹಾಕಿದಮೇಲೆ ಆ ಕಾಲುವೆಗೆ ನೀರೇ ತಲುಪುವುದಿಲ್ಲ.

ಈಗ ಕೂರಿಸುವ ಕೆಲಸ. ಊಟದ ಮೇಜಿನ ಮೇಲೆ, ಹಗಲು ಬೆಳಕಿನಲ್ಲಿ, ಎರಡು ಗಂಟೆ ಬಿಡುವು ಇಟ್ಟುಕೊಂಡು ಕೂತುಕೊಳ್ಳಿ. ಉಂಗುರ, ವಾಚು ಬಿಚ್ಚಿಡಿ, ಉಗುರು ಕತ್ತರಿಸಿ. ಲ್ಯಾಟೆಕ್ಸ್ ಸೀಲಿಗೆ ಉಗುರು ಅಂದರೆ ಬ್ಲೇಡು.

ಸೂಟಿನ ಕಡೆಯ ಬಳೆಯಲ್ಲೇ ಎರಡು ಭಾಗ, ಒಳಬಳೆ ಮತ್ತು ಹೊರಬಳೆ. ಒಳಬಳೆಯನ್ನು ತೋಳಿನ ಒಳಗಿನಿಂದ ತಂದು, ಸೀಲ್ ಮತ್ತು ತೋಳಿನ ಬಟ್ಟೆ ಸೇರುವ ಜಾಗದ ಹತ್ತಿರ ನಿಲ್ಲಿಸಬೇಕು. ಹೊರಬಳೆ ಹೊರಗಿನಿಂದ ಬಂದು ಅದರ ಮೇಲೆ ಕೂರುತ್ತದೆ. ಸೀಲಿನ ರಬ್ಬರು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ರಬ್ಬರು ಒಣಗಿದ್ದರೆ ಜಾರುವುದಿಲ್ಲ, ಎಳೆದರೆ ಹರಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿಯನ್ನು ಲೋಟ ನೀರಿಗೆ ಹಾಕಿ, ಆ ನೀರನ್ನು ಸವರಿ. ಗ್ರೀಸು ಬೇಡ. ಸಿಲಿಕೋನ್ ಗ್ರೀಸು ಲ್ಯಾಟೆಕ್ಸಿಗೆ ಒಮ್ಮೆ ಹತ್ತಿದರೆ ಮುಂದೆ ಹೊಸ ಸೀಲ್ ಅಂಟಿಸುವಾಗ ಅಂಟು ಹಿಡಿಯುವುದಿಲ್ಲ. ವ್ಯಾಸಲೀನ್ ಹಚ್ಚಿದರೆ ರಬ್ಬರು ಕೊಳೆತುಹೋಗುತ್ತದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನನ್ನ ಒದ್ದಾಟ ನೋಡಿ, "ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚೇ, ಜಾರತ್ತೆ" ಅಂದಳು. ಬಳೆಗೆ ಸರಿ ಅಮ್ಮಾ, ಲ್ಯಾಟೆಕ್ಸಿಗೆ ಎಣ್ಣೆ ಯಾವುದಾದರೂ ವಿಷ.

ಹೊರಬಳೆಯನ್ನು ಒಂದು ಕಡೆಯಿಂದ ಜಡಿದು ಕೂರಿಸಲು ಹೋಗಬೇಡಿ. ಎದುರುಬದುರು ಎರಡು ಜಾಗ ಒತ್ತಿ, ಆಮೇಲೆ ಅಡ್ಡ ಎರಡು ಜಾಗ, ಹೀಗೆ ಸುತ್ತ ಬನ್ನಿ. ಕೂತಮೇಲೆ ಬೆರಳ ತುದಿಯನ್ನು ಸುತ್ತ ಆಡಿಸಿ. ಎಲ್ಲಾದರೂ ರಬ್ಬರು ಮಡಿಕೆ ಬಿದ್ದಿದ್ದರೆ ಅಲ್ಲಿ ಸಣ್ಣ ದಿಣ್ಣೆ ಸಿಗುತ್ತದೆ. ದಿಣ್ಣೆ ಸಿಕ್ಕಿದರೆ ಬಿಚ್ಚಿ ಮತ್ತೆ ಕೂರಿಸಿ. "ಇಷ್ಟೇ ತಾನೇ" ಅಂತ ಬಿಟ್ಟರೆ ನೀರು ಬರುವ ದಾರಿ ಅದೇ. ನನ್ನ ಎಡಗೈ ಬಳೆ ನಾಲ್ಕನೇ ಸಲಕ್ಕೆ ಸರಿಯಾಗಿ ಕೂತಿತು.

ಗ್ಲೌಸಿನ ಕಡೆ ಕೆಲಸ ಹಗುರ, ಆದರೆ ಜನ ತಪ್ಪುವುದು ಇಲ್ಲಿಯೇ. ದುಬಾರಿ ಗ್ಲೌಸ್ ಬೇಕಿಲ್ಲ. ಉತ್ತರದ ಮೀನುಗಾರರು ಹಾಕುವ, ಉದ್ದ ಕೈಯಿರುವ ಪಿವಿಸಿ ಗ್ಲೌಸ್ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಲೈನರ್ ಒಳಗೆ ಹೊಲಿದಿರುವುದನ್ನು ಬಿಟ್ಟು ಬೇರೆಯಾಗಿ ತೆಗೆಯಲು ಬರುವುದನ್ನೇ ಆರಿಸಿ, ಇಲ್ಲದಿದ್ದರೆ ಒಣಗಿಸುವಷ್ಟರಲ್ಲಿ ವಾರ ಕಳೆಯುತ್ತದೆ. ಅಳತೆ ಕೊಳ್ಳುವಾಗ ಲೈನರ್ ಹಾಕಿಕೊಂಡೇ ನೋಡಿ. ಬಿಗಿಯಾದರೆ ಉಣ್ಣೆ ಚಪ್ಪಟೆಯಾಗಿ ಬಿಸಿ ನಿಲ್ಲುವುದಿಲ್ಲ. ಸಡಿಲವಾದರೆ ಬೆರಳ ತುದಿಯಲ್ಲಿ ಖಾಲಿ ಚೀಲ ನೇತಾಡಿ ಕೊಂಡಿ ಹಾಕಲು ಬರುವುದಿಲ್ಲ.

ಗ್ಲೌಸಿನ ಬಾಯನ್ನು ಬಳೆಯೊಳಗಿಂದ ತೂರಿಸಿ, ಅಂಚನ್ನು ಹೊರಕ್ಕೆ ಮಡಚಿ, ಒ-ರಿಂಗಿನಿಂದ ಬಿಗಿದು ನಿಲ್ಲಿಸುವ ವಿಧಾನ ಸಾಮಾನ್ಯ. ಬಿಗಿಯುವ ಮುಂಚೆ ನಿಮ್ಮ ತೋಳನ್ನು ಸುಮ್ಮನೆ ಮುಂದೆ ಚಾಚಿ, ಹೆಬ್ಬೆರಳು ಸಹಜವಾಗಿ ಎತ್ತ ತೋರುತ್ತದೋ ನೋಡಿ. ಗ್ಲೌಸಿನ ಹೆಬ್ಬೆರಳೂ ಅತ್ತಲೇ ತೋರಬೇಕು. ಮೊದಲ ಸಲ ನಾನು ಇದನ್ನು ಕಣ್ಣಂದಾಜಿನಲ್ಲಿ ಮಾಡಿ, ಬಲಗೈ ಗ್ಲೌಸ್ ಸ್ವಲ್ಪ ತಿರುಚಿ ಕೂತಿತ್ತು. ಮನೆಯಲ್ಲಿ ಗೊತ್ತೇ ಆಗಲಿಲ್ಲ. ನೀರಿನಲ್ಲಿ ನಲವತ್ತು ನಿಮಿಷ ಆ ತಿರುಚಿನ ವಿರುದ್ಧ ಕೈ ಹಿಡಿದು, ರಾತ್ರಿ ಚಪಾತಿ ಲಟ್ಟಿಸಲು ಮಣಿಕಟ್ಟು ಒಪ್ಪಲಿಲ್ಲ. ಈಗ ಎರಡೂ ಬಳೆಗಳ ಮೇಲೆ ಕೆಂಪು ನೇಲ್ ಪಾಲಿಶಿನ ಒಂದೊಂದು ಚುಕ್ಕೆ ಇದೆ. ಚುಕ್ಕೆಗೆ ಚುಕ್ಕೆ ಕೂಡಿದರೆ ಹೆಬ್ಬೆರಳು ಸರಿ.

ಇನ್ನು ಆ ಸಣ್ಣ ನಳಿಗೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಪ್ರಾಣ ಇರುವುದು ಅದರಲ್ಲಿ. ಕೆಳಗೆ ಇಳಿದಂತೆ ಗ್ಲೌಸಿನೊಳಗಿನ ಗಾಳಿ ಕುಗ್ಗುತ್ತದೆ: 10 ಮೀಟರಿನಲ್ಲಿ ಅರ್ಧ, 20ರಲ್ಲಿ ಮೂರನೇ ಒಂದು, 30ರಲ್ಲಿ ನಾಲ್ಕನೇ ಒಂದು ಪಾಲು. ಸೂಟಿಗೆ ನೀವು ಗಾಳಿ ತುಂಬುತ್ತಿದ್ದರೂ ಬಿಗಿಯಾದ ಸೀಲ್ ಅದನ್ನು ಗ್ಲೌಸಿಗೆ ಬಿಡುವುದಿಲ್ಲ. ಗ್ಲೌಸು ಕೈಗೆ ಅಂಟಿ ಮಡಿಕೆಗಳು ಚರ್ಮವನ್ನು ಚಿವುಟುತ್ತವೆ, ಬೆರಳು ಬಾಗುವುದಿಲ್ಲ, ಚಪ್ಪಟೆಯಾದ ಉಣ್ಣೆ ಬೆಚ್ಚಗೂ ಇಡುವುದಿಲ್ಲ. ಅದಕ್ಕೆ ಸೀಲಿನಡಿಯಲ್ಲಿ ಒಂದು ಮೆತ್ತನೆ ನಳಿಗೆ ತೂರಿಸಿ ಸೂಟಿಗೂ ಗ್ಲೌಸಿಗೂ ದಾರಿ ಮಾಡಬೇಕು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಿಲಿಕೋನ್ ನಳಿಗೆಯನ್ನು ಬೆರಳುದ್ದಕ್ಕೆ ಕತ್ತರಿಸಿ ನಾನು ಬಳಸುತ್ತೇನೆ. ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ. ಒಂದು ತುದಿ ಸೀಲಿನ ಒಳಗೆ, ಇನ್ನೊಂದು ಹೊರಗೆ ಗ್ಲೌಸಿನೊಳಗೆ ಕಾಣಬೇಕು. ಕೈಯ ಮೇಲ್ಭಾಗದಲ್ಲಿ ಇಡಿ. ನಾಡಿಯ ಮೇಲೆ ಇಟ್ಟರೆ ಅರ್ಧ ಗಂಟೆಗೆ ಬೆರಳು ಜುಮ್ಮೆನ್ನುತ್ತದೆ.

ಇದರ ಬೆಲೆಯೂ ತಿಳಿದಿರಲಿ. ಗಾಳಿ ಹೋಗುವ ದಾರಿಯಲ್ಲಿ ನೀರೂ ಹೋಗುತ್ತದೆ. ಗ್ಲೌಸು ಹರಿದರೆ ನಳಿಗೆಯ ಮೂಲಕ ತೋಳಿಗೆ ನೀರು ಬರುತ್ತದೆ, ಆದರೆ ಸೀಲ್ ಇಲ್ಲದವರ ಹಾಗೆ ಧುಮುಕುವುದಿಲ್ಲ, ಜಿನುಗುತ್ತದೆ. ಡೈವ್ ಮುಗಿಸಿ ಮೇಲೆ ಬರಲು ಬೇಕಾದ ಸಮಯ ಅಷ್ಟರಲ್ಲಿ ಸಿಗುತ್ತದೆ. ಕೆಲವರು ನಳಿಗೆಯ ಬದಲು ಲೈನರಿನ ಅಂಚನ್ನೇ ಸೀಲಿನಡಿ ಸಿಕ್ಕಿಸುತ್ತಾರೆ. ಗಾಳಿ ಓಡಾಡುತ್ತದೆ ನಿಜ, ನೀರು ಬಂದರೆ ಮಾತ್ರ ಬಟ್ಟೆ ದೀಪದ ಬತ್ತಿಯ ಹಾಗೆ ಹೀರಿ ತೋಳಿಗೆ ದಾಟಿಸುತ್ತದೆ. ನನಗದು ಇಷ್ಟವಿಲ್ಲ.

ನೀರಿಗೆ ಹೋಗುವ ಮುಂಚೆ ಪಂಕ್ಚರ್ ಅಂಗಡಿಯ ಪರೀಕ್ಷೆ. ಗ್ಲೌಸಿನ ಬಾಯಿ ಹಿಡಿದು ಬೀಸಿ ಗಾಳಿ ತುಂಬಿ, ಬಾಯಿ ತಿರುಚಿ ಮುಚ್ಚಿ, ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ. ಗುಳ್ಳೆ ಬಂದರೆ ತೂತು. ಬೆರಳುಗಳ ಸಂದಿ ಮತ್ತು ಹೆಬ್ಬೆರಳಿನ ಬುಡ ಎರಡು ಸಲ ನೋಡಿ, ತೂತು ಬೀಳುವುದು ಅಲ್ಲಿಯೇ ಹೆಚ್ಚು. ಆಮೇಲೆ ಗ್ಲೌಸ್ ಹಾಕಿಕೊಂಡು ಮನೆಯಲ್ಲಿ ಅರ್ಧ ಗಂಟೆ ಕೂತು, ಬೋಲ್ಟ್ ಸ್ನ್ಯಾಪ್ ಹಾಕಿ ತೆಗೆದು ಅಭ್ಯಾಸ ಮಾಡಿ. ನಾನು ಅವರೆಕಾಯಿ ಸುಲಿಯಲೂ ಪ್ರಯತ್ನಿಸಿದೆ. ಬರಲಿಲ್ಲ. ಸ್ನ್ಯಾಪ್ ಬಂತು, ಅದು ಸಾಕು.

ದಡದ ಮೇಲೆ ಹಾಕಿಕೊಳ್ಳುವ ಕ್ರಮ ಹೇಳುವ ಮುಂಚೆ ಒಂದು ಮಾತು. ಡೈವಿಂಗ್‌ನಲ್ಲಿ ಜೊತೆಗಾರರಿಗೆ ಬಡ್ಡಿ ಅನ್ನುತ್ತಾರೆ. ನನ್ನ ಬಡ್ಡಿ ಹುಬ್ಬಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. "ಅಸಲು ಹೋದ್ರೂ ಚಿಂತಿಲ್ಲವಾ ತಂಗಿ, ಬಡ್ಡಿ ಬಿಟ್ಟು ನೀರಿಗಿಳೀಬಾರ್ದು" ಅನ್ನುವುದು ಅವರ ಹಳೆಯ ಜೋಕು. ಡ್ರೈ ಗ್ಲೌಸಿನ ವಿಷಯದಲ್ಲಿ ಅದು ಜೋಕಲ್ಲ. ಎರಡನೇ ಕೈಯನ್ನು ಸರಿಯಾಗಿ ಕೂರಿಸಲು ಇನ್ನೊಬ್ಬರ ಕೈ ಬೇಕೇ ಬೇಕು.

ಬೆರಳ ಕೆಲಸವೆಲ್ಲ ಮೊದಲು ಮುಗಿಯಲಿ: ಕಾರಿನ ಕೀ, ಸೂಟಿನ ಜಿಪ್ಪು, ಮೂಗು ಒರೆಸುವುದು. ತಲೆಗೂದಲು ಪೂರ್ತಿ ಹುಡ್ ಒಳಗೆ. ಆಮೇಲೆ ಲೈನರ್, ನಳಿಗೆ, ಎಡಗೈ ಗ್ಲೌಸ್, ಬಲಗೈ ಗ್ಲೌಸ್. ಬಳೆಗೆ ಬಳೆ ಒತ್ತುವ ಮುಂಚೆ ಒ-ರಿಂಗಿನ ಸುತ್ತ ಬರಿಗಣ್ಣಿಂದ ನೋಡಿ, ಬರಿಬೆರಳಿಂದ ಸವರಿ. ಒತ್ತಿದಮೇಲೆ ಎರಡು ಬಳೆಗಳ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಅಂತ ಜೊತೆಗಾರರು ನೋಡಲಿ, ಗ್ಲೌಸ್ ಹಿಡಿದು ಒಮ್ಮೆ ಜಗ್ಗಲಿ.

ಹುಡ್ ಮೊದಲು ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ಒಂದು ಭಾನುವಾರ ಕೋವ್ 2ರಲ್ಲೇ ನಾನು ಗ್ಲೌಸ್ ಮೊದಲು ಹಾಕಿದ್ದೆ. ಗಾಳಿ ಬೀಸುತ್ತಿತ್ತು, ಕೂದಲು ಮುಖಕ್ಕೆ ಹಾರುತ್ತಿತ್ತು. 18 ಮೀಟರಿನಲ್ಲಿ ಎಡಗೈಯ ಕಿರುಬೆರಳು ತಣ್ಣಗಾಯಿತು. ಬೆವರೇನೋ ಅಂದುಕೊಂಡೆ. ಬೆವರಾದರೆ ಕೈಯೆಲ್ಲ ಒಂದೇ ಸಮ ತೇವ. ಇದು ಮಣಿಕಟ್ಟಿನಿಂದ ಒಂದು ಗೆರೆಯಾಗಿ ಹರಿದು ಬೆರಳ ತುದಿಯಲ್ಲಿ ನಿಲ್ಲುತ್ತಿತ್ತು. ಮೇಲೆ ಬಂದು ಬಿಚ್ಚಿ ನೋಡಿದರೆ ಕಪ್ಪು ಒ-ರಿಂಗಿನ ಮೇಲೆ ಅಡ್ಡಲಾಗಿ ನನ್ನದೇ ಒಂದು ಕೂದಲು, ಕಪ್ಪಿನ ಮೇಲೆ ಕಪ್ಪು. ಬೆಳಕಿಗೆ ಓರೆ ಹಿಡಿದಾಗಷ್ಟೇ ಕಂಡಿತು. ಅದರ ಎರಡು ಪಕ್ಕದಲ್ಲೂ ಕೂದಲೆಳೆಯಷ್ಟೇ ಸುರಂಗ, ಅಷ್ಟರಲ್ಲೇ ಲೈನರ್ ಹಿಂಡಿದರೆ ಅರ್ಧ ಲೋಟ ನೀರು. ಹುಬ್ಬಳ್ಳಿ ಅಣ್ಣನ ತಲೆ ಬೋಳು, ಅವರಿಗೆ ಈ ತಾಪತ್ರಯವಿಲ್ಲ. ಅವರ ಒ-ರಿಂಗಿನ ಮೇಲೆ ಸಿಕ್ಕಿದ್ದು ಅವರ ನಾಯಿಯ ಕೂದಲು.

ನೀರಿನೊಳಗೆ ಹೆಚ್ಚು ಹೇಳುವುದಿಲ್ಲ. 3 ಮೀಟರಿನಲ್ಲಿ ನಿಂತು ಒಬ್ಬರ ಬಳೆಯಿಂದ ಇನ್ನೊಬ್ಬರು ಗುಳ್ಳೆ ನೋಡಿ. ಇಳಿಯುವಾಗ ಗ್ಲೌಸು ಹಿಡಿದಂತಾದರೆ ಸೂಟಿಗೆ ಚೂರು ಗಾಳಿ ಕೊಟ್ಟು ಕೈಯನ್ನು ಹೆಗಲಿಗಿಂತ ಮೇಲೆತ್ತಿ. ಗಾಳಿ ತಾನಾಗಿ ಕೈಗೆ ಏರುತ್ತದೆ. ಎತ್ತಿಕೊಂಡೇ ಇದ್ದರೆ ಬೆರಳುಗಳು ಕರೆಯದೆ ಬಿಟ್ಟ ಹಸುವಿನ ಕೆಚ್ಚಲಿನ ಹಾಗೆ ಉಬ್ಬುತ್ತವೆ, ಯಾವ ಗುಂಡಿಯೂ ಹಿಡಿತಕ್ಕೆ ಬರುವುದಿಲ್ಲ. ಮೇಲೇರುವಾಗ ಕೈ ಕೆಳಗಿರಲಿ, ಗ್ಲೌಸಿನ ಗಾಳಿ ವಾಪಸ್ ಸೂಟಿಗೆ ಬಂದು ಹೆಗಲ ವಾಲ್ವಿನಿಂದ ಹೊರಗೆ ಹೋಗಲಿ.

ಗ್ಲೌಸ್ ಹರಿಯಿತು ಅಂದುಕೊಳ್ಳಿ. ಇಲ್ಲಿ ಹಳೆಯ ಕಟ್ಟಿಗೆ ಕಂಬಗಳಿಗೆಲ್ಲ ಬಾರ್ನಕಲ್ ಚಿಪ್ಪು ಮೆತ್ತಿಕೊಂಡಿರುತ್ತದೆ, ಅದಕ್ಕೆ ಪಿವಿಸಿ ಅಂದರೆ ಹಪ್ಪಳ. ಹರಿದ ಕೈಯನ್ನು ಕೆಳಗೆ ಬಿಟ್ಟರೆ ನೀರು ಒಳಗೆ ನುಗ್ಗುತ್ತದೆ, ಮೇಲೆತ್ತಿದರೆ ಸೂಟಿನ ಗಾಳಿ ಹೊರಗೆ ಸೋರುತ್ತದೆ. ಹೆಗಲ ಮಟ್ಟದಲ್ಲಿ ಇಟ್ಟುಕೊಂಡು, ಜೊತೆಗಾರರಿಗೆ ಸನ್ನೆ ಮಾಡಿ, ನಿಧಾನವಾಗಿ ಡೈವ್ ಮುಗಿಸಿ. ಇನ್ನೊಂದು ಕೈ ಬೆಚ್ಚಗಿದೆ. ಗುಂಡಿಗಳ ಕೆಲಸವೆಲ್ಲ ಅದಕ್ಕೆ ಕೊಡಿ. ಎಡಗೈಯೊಂದರಿಂದಲೇ ಎಲ್ಲ ಮಾಡುವುದನ್ನು ಬೇಸಿಗೆಯಲ್ಲಿ, ಆಳವಿಲ್ಲದ ಕಡೆ ಕಲಿತಿಡಿ.

ಮನೆಗೆ ಬಂದಮೇಲಿನ ಕೆಲಸ ಬೇಸರದ್ದು, ಆದರೆ ಬಾಳಿಕೆ ಬರುವುದು ಅದರಿಂದಲೇ. ಗ್ಲೌಸ್ ಕೂಡಿಸಿಕೊಂಡೇ ಹೊರಗಿನ ಉಪ್ಪು ಸಿಹಿನೀರಿನಲ್ಲಿ ತೊಳೆಯಿರಿ, ಆಮೇಲೆ ಬಿಚ್ಚಿ ಬಳೆಗಳನ್ನು ಬೇರೆ ತೊಳೆಯಿರಿ. ಅಲ್ಯೂಮಿನಿಯಂ ಬಳೆಯ ಸಂದಿಯಲ್ಲಿ ಉಪ್ಪು ಉಳಿದರೆ ಬಿಳಿ ಹುಡಿ ಕಟ್ಟಿ ಒ-ರಿಂಗನ್ನು ಉಜ್ಜುತ್ತದೆ. ಲೈನರನ್ನು ಅವತ್ತೇ ಹೊರಗೆ ಎಳೆಯಿರಿ. ಮಾರನೇ ದಿನಕ್ಕೆ ಬಿಟ್ಟರೆ ಒದ್ದೆ ನಾಯಿಯ ವಾಸನೆ, ಮೂರನೇ ದಿನಕ್ಕೆ ಬೂಷ್ಟು. ಗ್ಲೌಸಿನ ಬೆರಳುಗಳೊಳಗೆ ಪೇಪರ್ ಉಂಡೆ ತುರುಕಿ ನೆರಳಲ್ಲಿ ನಿಲ್ಲಿಸುತ್ತೇನೆ. ಬಿಸಿಲು, ಹೀಟರು ಎರಡೂ ಬೇಡ. ನಳಿಗೆಯನ್ನು ಊದಿ ನೋಡಿ; ಉಣ್ಣೆಯ ನೂಲು ಸೇರಿ ಕಟ್ಟಿಕೊಂಡಿರುತ್ತದೆ, ನನ್ನದು ಎರಡು ಸಲ ಕಟ್ಟಿತ್ತು.

ನಾಲ್ಕೈದು ಡೈವಿಗೊಮ್ಮೆ ಒ-ರಿಂಗನ್ನು ತೋಡಿನಿಂದ ತೆಗೆಯಿರಿ. ಚಾಕು, ಪಿನ್ನು ಬಳಸಿದರೆ ಗೀರು ಬೀಳುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ತೋಡನ್ನೂ ರಿಂಗನ್ನೂ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಲ್ಲಿ ಕಂಡೂಕಾಣದಷ್ಟು ಸಿಲಿಕೋನ್ ಗ್ರೀಸು ತೆಗೆದುಕೊಂಡು ರಿಂಗನ್ನು ಬೆರಳುಗಳ ನಡುವೆ ಓಡಿಸಿ. ರಿಂಗು ಹೊಳೆಯಬೇಕು, ಗ್ರೀಸು ಕಾಣಬಾರದು. ಕಂಡರೆ ಹೆಚ್ಚಾಗಿದೆ ಅಂತ, ಮರಳು ಅಂಟಲು ಅಷ್ಟು ಸಾಕು. ಈ ಗ್ರೀಸು ಒ-ರಿಂಗಿಗೆ ಮಾತ್ರ, ಸೀಲಿನ ಕಡೆ ಬೆರಳು ಹೋಗದಿರಲಿ. ಒ-ರಿಂಗೇ ಸಿಲಿಕೋನಿನದಾಗಿದ್ದರೆ ಈ ಗ್ರೀಸಿನಿಂದ ಊದಿಕೊಳ್ಳುತ್ತದೆ, ಹಾಗಾಗಿ ನಿಮ್ಮ ಸಿಸ್ಟಮ್‌ನ ಕೈಪಿಡಿ ನೋಡಿಯೇ ಹಚ್ಚಿ. ಲ್ಯಾಟೆಕ್ಸ್ ಸೀಲ್ ಒಣಗಿದಮೇಲೆ ವಾಸನೆಯಿಲ್ಲದ ಟಾಲ್ಕ್ ಪುಡಿ ಸವರಿ ಇಡಿ. ಘಮಘಮ ಪೌಡರಿನಲ್ಲಿ ಸುಗಂಧದ ಎಣ್ಣೆ ಇರುತ್ತದೆ. ಸೀಲನ್ನು ಹಿಗ್ಗಿಸಿ ನೋಡಿದಾಗ ಸಣ್ಣ ಬಿರುಕು ಕಂಡರೆ, ಮುಟ್ಟಿದರೆ ಅಂಟಂಟಾದರೆ, ಅದರ ಕಾಲ ಮುಗಿಯಿತು. ಗ್ಲೌಸಿಗೆ ಸಣ್ಣ ತೂತಾದರೆ ಯುರೆಥೇನ್ ಅಂಟು ಹಚ್ಚಿ ರಾತ್ರಿಯಿಡೀ ಬಿಟ್ಟು ಬಳಸಬಹುದು. ಬೆರಳ ಸಂದಿಯ ತೂತಿಗೆ ಮಾತ್ರ ತೇಪೆ ನಿಲ್ಲುವುದಿಲ್ಲ, ಎಸೆಯಿರಿ.

ಇನ್ನು ದಡಕ್ಕೆ ಒಯ್ಯುವ ಸಾಮಾನು. ಊರಿಂದ ತಂದ ಸ್ಟೀಲಿನ ಒಗ್ಗರಣೆ ಡಬ್ಬಿಯೊಂದು ಅಡುಗೆಮನೆಯಿಂದ ಬಡ್ತಿ ಪಡೆದು ಕಾರಿನ ಡಿಕ್ಕಿ ಸೇರಿದೆ. ಸಾಸಿವೆ ಬಟ್ಟಲಿನಲ್ಲಿ ದೊಡ್ಡ ಒ-ರಿಂಗು, ಜೀರಿಗೆಯದರಲ್ಲಿ ಸಣ್ಣವು, ಮೆಂತ್ಯದ ಜಾಗದಲ್ಲಿ ಗ್ರೀಸಿನ ಪುಟ್ಟ ಟ್ಯೂಬು, ಅರಿಶಿನದ ಬಟ್ಟಲಿನಲ್ಲಿ ಕತ್ತರಿಸಿಟ್ಟ ನಳಿಗೆಗಳು, ನಡುವೆ ನೇಲ್ ಪಾಲಿಶು. ಡಬ್ಬಿಯ ಪಕ್ಕದಲ್ಲಿ ಬಳೆಗೆ ಕೂಡಿಸಿ ಸಿದ್ಧವಾಗಿರುವ ಒಂದು ಜೊತೆ ಹೆಚ್ಚುವರಿ ಗ್ಲೌಸು ಮತ್ತು ಒಣ ಲೈನರು. ಎಡಗೈ ಹರಿದರೆ ಐದು ನಿಮಿಷದಲ್ಲಿ ಬದಲಾಯಿಸಿ ಎರಡನೇ ಡೈವಿಗೆ ಇಳಿಯಬಹುದು. ಕಳೆದ ಸಲ ಅಣ್ಣನೇ ತಮ್ಮ ಗ್ಲೌಸ್ ಹರಿದುಕೊಂಡು ಬಂದು, ಡಬ್ಬಿ ತೆರೆದು ಮೂಸಿ ನೋಡಿ, "ಇನ್ನೂ ಇಂಗಿನ ವಾಸನಿ ಹೊಡೀತತಲ್ಲವಾ" ಅಂದರು.